ಹದಿನಾಲ್ಕಕ್ಕೆ ಏನು ಅಡುಗೆ?

ಈ ಪೋಸ್ಟು ಅಡುಗೆ ಬಗ್ಗೆ. ರಾಜಕೀಯ ಬರಲ್ಲ ಅಂತ ಮಾತ್ರ ಮಾತು ಕೊಡಕ್ಕಾಗಲ್ಲ. ಉದ್ದ ಇದೆ. ಪುರುಸೊತ್ತಿದ್ದೋರು ಈಗ್ಲೇ ಓದಿ, ಇಲ್ದೋರು ರಾತ್ರಿ ಉಂಡಾದ ಮೇಲೆ ಓದಿ. ಹಸ್ಕೊಂಡು ಮಾತ್ರ ಓದಬೇಡಿ.

ವಿಷಯ ಇಷ್ಟು. ಕೆಂಗಲ್ ಮಗ್ಗುಲಿನ ನಮ್ಮ ಕೇರಿಯಲ್ಲಿ ಏಪ್ರಿಲ್ 14ಕ್ಕೆ, ಬಾಬಾಸಾಹೇಬರ ಜಯಂತಿಗೆ, ಊಟ ಏನು ಮಾಡಿಸೋದು ಅಂತ ಈಗಾಗಲೇ ಮೂರು ಸಭೆ ಆಗಿದೆ. ಮೆರವಣಿಗೆ ದಾರಿ ಹತ್ತು ನಿಮಿಷದಲ್ಲಿ ಗೊತ್ತಾಯ್ತು. ಭಾಷಣಕ್ಕೆ ಯಾರು ಅನ್ನೋದು ಅರ್ಧ ಗಂಟೆ. ಊಟದ ವಿಷಯ ಮಾತ್ರ ಮೂರು ಸಭೆ ಕಳೆದರೂ ಮುಗೀತಿಲ್ಲ. ಹುಡುಗರದು ಒಂದೇ ಮಾತು: ಪಲಾವು, ಮೊಸರು ಬಜ್ಜಿ, ಕೇಸರಿಬಾತು, ಕಾಂಟ್ರಾಕ್ಟು ಕೊಟ್ಟು ಕೈ ತೊಳ್ಕೊಳ್ಳೋಣ. ಯಾಕ್ರಪ್ಪಾ ಅಂದ್ರೆ, "ಊರೋರೂ ಬಂದು ಉಣ್ಲಿ ಅಣ್ಣ, ಬಾಡು ಅಂದ್ರೆ ಅವರು ಬರಲ್ಲ" ಅಂತಾರೆ.

ಈ ಮಾತು ಕೇಳಿ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ನಮ್ಮ ರಾಮನಗರ, ಚನ್ನಪಟ್ಟಣದ ಸೀಮೆಯಲ್ಲಿ ಊರೋರು ಬಾಡು ತಿನ್ನದೋರಾ? ಮದುವೆ ಆದ ಮೇಲೆ ಬೀಗರ ಔತಣ ಅಂತ ಎಷ್ಟು ಕುರಿ ಕಡೀತಾರೆ, ಲೆಕ್ಕ ಹಾಕಿ ನೋಡಿ. ಹಬ್ಬದ ಮಾರನೇ ದಿನ ಯಾವ ಮನೆ ಒಲೆ ಮೇಲೆ ಬಾಡಿನ ಎಸರು ಇರಲ್ಲ? ಊರೋರು ನಮ್ಮ ಪಂಕ್ತಿಗೆ ಬರದೇ ಇರೋದು ಬಾಡಿಗಾಗಿ ಅಲ್ಲ, ಪಲಾವಿದ್ರೂ ಅವರು ಬಂದಿಲ್ಲ. ಹನ್ನೆರಡು ವರ್ಷದಿಂದ ಪಲಾವೇ ಮಾಡಿಸ್ತಿದ್ದೀವಿ. ಬಂದು ಕೂತು ಉಂಡೋರನ್ನ ಎಣಿಸೋಕೆ ಒಂದು ಕೈ ಬೆರಳು ಸಾಕು, ಅದ್ರಲ್ಲಿ ಇಬ್ಬರು ಚುನಾವಣೆ ವರ್ಷ ಬಂದೋರು. ಬಾರದ ನೆಂಟರಿಗಾಗಿ ನಾವು ನಮ್ಮ ಮಕ್ಕಳ ಎಲೆಯಿಂದ ನಮ್ಮ ಊಟಾನೇ ಎತ್ತಿಬಿಟ್ಟಿದ್ದೀವಿ.

ಹಾಗಾಗಿ ನಾನು ಸಭೆಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ: ಈ ಸಲ ಹಿಟ್ಟು, ಬಸ್ಸಾರು, ಪಲ್ಯ, ಕೋಳಿ ಸಾರು. ಕಾಂಟ್ರಾಕ್ಟು ಬೇಡ, ನಾವೇ ಮಾಡೋಣ.

ಬೆಂಗಳೂರು, ಕಲಬುರ್ಗಿ ಕಡೆ ಗೆಳೆಯರಿಗಾಗಿ ಒಂದು ಮಾತು. ನಮ್ಮಲ್ಲಿ ಮುದ್ದೆಗೆ ಹಿಟ್ಟು ಅಂತೀವಿ. "ಹಿಟ್ಟುಂಡ್ಯಾ?" ಅಂದ್ರೆ ಊಟ ಆಯ್ತಾ ಅಂತ. ಹೋಟೆಲು ಬೋರ್ಡಿನಲ್ಲಿ "ರಾಗಿ ಬಾಲ್" ಅಂತ ನೋಡಿದ್ದೀನಿ, ಅದು ಬೇರೆ ಯಾವುದೋ ಆಟದ ಸಾಮಾನು ಇರಬೇಕು.

ಹಿಟ್ಟು ಸುಲಭ ಅಂತಾರೆ, ಮಾಡದೇ ಇದ್ದೋರು. ಎಸರಿಗೆ ನೀರಿಟ್ಟು, ಒಂದು ಹಿಡಿ ಹಿಟ್ಟನ್ನ ತಣ್ಣೀರಲ್ಲಿ ಕದಡಿ ಅದಕ್ಕೆ ಬಿಡಬೇಕು. ಅದು ಗಂಜಿಯಾಗಿ ಕುದಿ ಬಂದಾಗ ಮಿಕ್ಕ ಹಿಟ್ಟನ್ನ ನಡುಮಧ್ಯಕ್ಕೆ ಗುಡ್ಡೆ ಸುರಿಯೋದು. ಕಲಕಬಾರದು. ಗುಡ್ಡೆ ನಡುವೆ ಕೋಲು ಇಳಿಸಿ ತೂತು ಮಾಡಿ, ಉರಿ ಸಣ್ಣ ಮಾಡಿ, ಹಿಟ್ಟು ಒಳಗೊಳಗೇ ಬೇಯೋಕೆ ಬಿಡಬೇಕು. ಅವಸರದೋರು ಇಲ್ಲೇ ಕೆಡಿಸೋದು. ಬೆಂದ ವಾಸನೆ ಮೂಗಿಗೆ ಬಂದ ಮೇಲೆ ಪಾತ್ರೆ ಇಳಿಸಿ, ಕಾಲಲ್ಲೋ ಕವೆಯಲ್ಲೋ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತೊಳಸಬೇಕು. ಗಂಟು ಉಳೀಬಾರದು. ಅವ್ವ ಬಿಸಿ ಹಿಟ್ಟಿಗೆ ನೀರು ಮುಟ್ಟಿಸಿಕೊಂಡ ಬೆರಳಲ್ಲಿ ತಟ್ಟಿ ನೋಡ್ತಾಳೆ. ಬೆರಳಿಗೆ ಅಂಟಿದ್ರೆ ಇನ್ನೂ ಬೆಂದಿಲ್ಲ. ಹಸಿ ಹಿಟ್ಟು ಹೊಟ್ಟೆನೋವು ತರುತ್ತೆ, ಗದ್ದೆ ಕೆಲಸಕ್ಕೆ ಹೋದೋರು ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಕೂತಿರ್ತಾರೆ.

2023ನ್ನ ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಮಾಡಿತು. ಆವಾಗಿಂದ ರಾಗಿಗೆ ಬಂದ ಯೋಗ ನೋಡಬೇಕು! ರಾಗಿ ಬಿಸ್ಕತ್ತು, ರಾಗಿ ಕೇಕು, ಗಾಜಿನ ಡಬ್ಬೀಲಿ ಅರ್ಧ ಕೆ.ಜಿ. ಹಿಟ್ಟು. 100 ಗ್ರಾಂ ರಾಗೀಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕೀಲಿ 10ರ ಆಸುಪಾಸು. ಇದು ಹೊಸ ಸಂಗತಿ ಏನಲ್ಲ. ಬಾಣಂತಿಗೆ, ಹಾಲು ಬಿಡಿಸಿದ ಕೂಸಿಗೆ ರಾಗಿ ಕೊಡ್ತಿದ್ದ ಅಜ್ಜಿಯರಿಗೆ ಗ್ರಾಂ ಲೆಕ್ಕ ಗೊತ್ತಿರಲಿಲ್ಲ ಅಷ್ಟೆ. ನಾವು ಉಣ್ಣೋವಾಗ ಅದು ಕೂಲಿಯೋರ ಹಿಟ್ಟು ಆಗಿತ್ತು, ಗಾಜಿನ ಡಬ್ಬಿಗೆ ಹೋದ ಮೇಲೆ ಆರೋಗ್ಯ ಆಯ್ತು. ಇರಲಿ. ಒಳ್ಳೇದನ್ನ ಯಾರು ತಿಂದ್ರೂ ಒಳ್ಳೇದೇ, ಬೆಲೆ ಮಾತ್ರ ನಮ್ಮ ಕೈಗೆಟುಕೋ ಹಂಗಿರಲಿ.

ಈಗ ಬಸ್ಸಾರು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೀತೀನಿ, ಯಾಕಂದ್ರೆ ನನ್ನ ಲೆಕ್ಕದಲ್ಲಿ ಇಡೀ ಹಳೇ ಮೈಸೂರು ಸೀಮೆಯ ಬುದ್ಧಿವಂತಿಕೆ ಈ ಒಂದು ಪಾತ್ರೇಲಿದೆ.

ಬಸ್ಸಾರು ಅಂದ್ರೆ ಬಸಿದ ಸಾರು. ಕಾಳು ಸೊಪ್ಪು ಬೇಯಿಸಿದ ನೀರನ್ನ ಚೆಲ್ಲದೆ, ಬಸಿದು, ಅದಕ್ಕೇ ಖಾರ ಕೂಡಿಸೋದು. ಒಂದೇ ಪಾತ್ರೆ, ಒಂದೇ ಸಲದ ಸೌದೆ, ಎರಡು ಪದಾರ್ಥ. ಕೆಳಗಿಳಿದ ಕಟ್ಟು ಸಾರಾಗುತ್ತೆ, ಮೇಲೆ ಉಳಿದ ಕಾಳು ಸೊಪ್ಪು ಪಲ್ಯ ಆಗುತ್ತೆ. ಸೌದೆ ಹೊತ್ತು ತರೋರಿಗೆ ಮಾತ್ರ ಹೊಳೆಯೋ ಅಡುಗೆ ಇದು. ಗ್ಯಾಸು ಇದ್ದೋರು ಎರಡು ಒಲೆ ಹಚ್ಚಿರ್ತಿದ್ದರು.

ಅವ್ವ ಮಾಡೋದು ಹೀಗೆ. ಅಲಸಂದೆ ಆದ್ರೆ ಹೊತ್ತಾರೆ ನೆನೆಹಾಕ್ತಾಳೆ, ಹುರುಳಿ ಆದ್ರೆ ರಾತ್ರಿಯೇ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು. ಸೊಪ್ಪು ಅಂದ್ರೆ ದುಡ್ಡು ಕೊಟ್ಟು ತಂದ ದಂಟೇ ಆಗ್ಬೇಕಿಲ್ಲ. ಮಳೆ ಬಿದ್ದ ಎಂಟು ದಿನಕ್ಕೆ ಹೊಲದ ಬದುವಿನಲ್ಲಿ, ಹಿಪ್ಪುನೇರಳೆ ತೋಟದ ಸಾಲಿನಲ್ಲಿ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ, ಕೀರೆ, ಕಿರುಕಸಾಲೆ, ಗೋಣಿ ಸೊಪ್ಪು ಎಲ್ಲ ಎದ್ದಿರುತ್ತೆ. ಎಲ್ಲಾ ಸೇರಿಸಿ ಕಿತ್ತರೆ ಬೆರಕೆ ಸೊಪ್ಪು. ಕಳೆ ಕೀಳೋಕೆ ಹೋದ ಹೆಂಗಸರು ಸಂಜೆ ಮಡಿಲಲ್ಲಿ ಸಾರಿಗೆ ಸೊಪ್ಪು ತರ್ತಿದ್ದರು. ತೋಟದೋರಿಗೆ ಅದು ಕಳೆ, ನಮಗೆ ಅದು ರಾತ್ರಿ ಊಟ. ಈಗ ಕಳೆನಾಶಕ ಹೊಡೀತಾರೆ, ಕಳೆ ಕೀಳೋ ಕೂಲೀನೂ ಹೋಯ್ತು, ಸೊಪ್ಪೂ ಹೋಯ್ತು. ಎರಡೂ ಒಂದೇ ಡಬ್ಬೀಲಿ ಹೋಯ್ತು ಅನ್ನೋದನ್ನ ಕೃಷಿ ಇಲಾಖೆ ಯಾವ ವರದೀಲೂ ನಾನು ಓದಿಲ್ಲ.

ಖಾರಕ್ಕೆ: ಒಣಮೆಣಸಿನಕಾಯಿ, ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಕೊತ್ತಂಬರಿ ಬೀಜ, ಹುಣಸೆಹಣ್ಣು, ಇದ್ರೆ ಒಂದು ಚೂರು ಕಾಯಿ. ಜೊತೆಗೆ ಬಸಿದ ಕಾಳು ಸೊಪ್ಪಿನಲ್ಲೇ ಒಂದು ಹಿಡಿ ತೆಗೆದು ರುಬ್ಬೋಕೆ ಹಾಕ್ತಾಳೆ. ಸಾರಿಗೆ ಮಂದ ಬರೋದು ಆ ಒಂದು ಹಿಡಿಯಿಂದ. ಕಾಯಿ ಹೆಚ್ಚು ಸುರಿಯೋದು ಕಾಸಿದ್ದೋರ ದಾರಿ, ನಾಲಗೆಗೆ ಹತ್ತೋದು ಈ ದಾರಿ. ರುಬ್ಬಿದ್ದನ್ನ ಕಟ್ಟಿಗೆ ಬಿಟ್ಟು ಕುದಿಸಿದ್ರೆ ಆಯ್ತು. ಎಣ್ಣೆ ಬೇಕಾಗೋದು ಒಗ್ಗರಣೆಗೆ ಒಂದು ಚಮಚ. ಮಾರನೇ ದಿನಕ್ಕೆ ಬಸ್ಸಾರು ಇನ್ನೂ ರುಚಿ, ಅದನ್ನ ಯಾರಿಗೂ ಹೇಳಿಕೊಡಬೇಕಿಲ್ಲ.

ಖಾರಾನ ಸಾರಿಗೆ ಕೂಡಿಸದೆ ತಟ್ಟೆ ಅಂಚಿಗೆ ಬೇರೆ ಇಟ್ಟು, ಬರೀ ಉಪ್ಪು ಹಾಕಿದ ಕಟ್ಟಿನ ಜೊತೆ ಉಂಡ್ರೆ ಅದು ಉಪ್ಸಾರು. ಜ್ವರ ಬಂದೋರಿಗೂ ಉಪ್ಸಾರು, ಕೂಲಿ ಸಿಗದ ದಿನಕ್ಕೂ ಉಪ್ಸಾರು. ಕೇರೀಲಿ ಯಾರದಾದ್ರೂ ಮನೇಲಿ ಸಾವಾದ್ರೆ ಪಕ್ಕದ ಮನೆಯಿಂದ ಮೊದಲು ಬರೋದೂ ಒಂದು ಚೊಂಬು ಕಟ್ಟು, ಎರಡು ಹಿಟ್ಟು. ಬಾಯಿ ಬಿಡದೆ ಕೂತಿದ್ದೋರ ಗಂಟಲಲ್ಲಿ ಇಳಿಯೋದು ಅದೊಂದೇ.

ಜಾನಪದ ಲೋಕ ನಮಗೆ ಕೂಗಳತೆ ದೂರ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಅಲ್ಲಿ ಬೀಸುಕಲ್ಲು, ಒನಕೆ, ಒರಳು, ಕುಡಿಕೆ ಎಲ್ಲಾ ಜೋಪಾನವಾಗಿ ಇಟ್ಟಿದ್ದಾರೆ. ಒಳ್ಳೇ ಕೆಲಸ, ಮಕ್ಕಳನ್ನ ಕರ್ಕೊಂಡು ಹೋಗಿ. ಆ ಒನಕೆ ಹಿಡಿದ ಕೈಗಳಲ್ಲಿ ಎಷ್ಟು ಕೈ ಆ ಮನೆಯ ಅಡುಗೆಮನೆ ಹೊಸಲು ದಾಟಬಾರದಾಗಿತ್ತು ಅಂತ ಮಾತ್ರ ಮಕ್ಕಳಿಗೆ ನೀವೇ ಹೇಳಬೇಕು. ರಾಗಿ ಬೀಸೋಕೆ, ಭತ್ತ ಕುಟ್ಟೋಕೆ ಹಿತ್ತಲಿಗೆ ನಾವು ಬೇಕಿತ್ತು. ಅದು ಬೆಂದು ಅನ್ನ ಆದ ಮೇಲೆ ನಾವು ಮುಟ್ಟಿದ್ರೆ ಮೈಲಿಗೆ.

ಇದು ಹಳೇ ಕಾಲದ ಮಾತು ಅನ್ನೋರಿಗೆ ಅವ್ವನ ಕೆಲಸದ ಕತೆ ಹೇಳ್ತೀನಿ.

2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ ಮಕ್ಕಳಿಗೆ ಬಿಸಿ ಊಟ ಕೊಡ್ಲೇಬೇಕು ಅಂತ ಹೇಳಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಮಾರನೇ ವರ್ಷ ನಮ್ಮ ಕಡೆಗೂ ಬಂತು. 2004ರ ಏಪ್ರಿಲಿನಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಸೇರಿಸಿತು: ಅಡುಗೆಯವರನ್ನ, ಸಹಾಯಕರನ್ನ ತಗೊಳ್ಳೋವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದೋರಿಗೆ ಆದ್ಯತೆ ಕೊಡಬೇಕು. ಈ ಒಂದು ಸಾಲು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಬರೆದಿಟ್ಟುಕೊಳ್ಳಿ. ಹತ್ತು ಭಾಷಣಕ್ಕಿಂತ ಅದು ತೂಕ. ಊರಿನ ಮಗು ಕೇರಿಯ ಕೈ ಅಡುಗೆ ಉಣ್ಣೋ ಹಾಗೆ ಮಾಡೋದಕ್ಕೆ ಸರ್ಕಾರದ ಕಡೆಯಿಂದ ಆದ ದೊಡ್ಡ ಪ್ರಯತ್ನ ಅಂದ್ರೆ ಅದೇ.

ಅವ್ವ ಒಂದು ಶಾಲೇಲಿ ಅಡುಗೆಗೆ ಸೇರಿದಳು. ಯಾವ ಶಾಲೆ ಅಂತ ಬರೆಯಲ್ಲ, ಯಾವುದಾದ್ರೂ ಶಾಲೆ ಅಂದ್ಕೊಳ್ಳಿ, ತಪ್ಪಾಗಲ್ಲ. ಮೊದಲ ದಿನ ಅರ್ಧಕ್ಕೂ ಹೆಚ್ಚು ಮಕ್ಕಳು ತಟ್ಟೆ ಮುಟ್ಟಲಿಲ್ಲ. ಎರಡನೇ ದಿನಕ್ಕೆ ಮನೆಯಿಂದ ಡಬ್ಬಿ ಬಂತು. ವಾರ ಕಳೆದ ಮೇಲೆ ನಾಲ್ಕೈದು ಜನ ಯಜಮಾನರು ಬಂದು, "ಏನೂ ತಪ್ಪು ತಿಳ್ಕೋಬೇಡಿ, ನೀವು ಪಾತ್ರೆ ತೊಳೀರಿ, ಒಲೆ ಮುಂದೆ ಇನ್ನೊಬ್ಬರು ನಿಂತ್ಕೊಳ್ಳಲಿ" ಅಂದರು. ಅವ್ವ, "ನನ್ ಹೆಸರು ಬರ್ದಿರೋದು ಒಲೆಗೆ ಕಣ್ ಸ್ವಾಮಿ, ಪಾತ್ರೆಗಲ್ಲ" ಅಂದು ಸಾರಿಗೆ ಒಗ್ಗರಣೆ ಹಾಕೋಕೆ ತಿರುಗಿಕೊಂಡಳಂತೆ. ಓದಿದವಳಲ್ಲ ನಮ್ಮವ್ವ. ಕೋರ್ಟಿನ ಆದೇಶ ಅವಳಿಗೆ ಗೊತ್ತಿರಲಿಲ್ಲ. ಆವಾಗ ಅಲ್ಲೊಬ್ಬರು ಮೇಷ್ಟ್ರಿದ್ದರು, ದಿನಾ ಮಕ್ಕಳ ಸಾಲಿನಲ್ಲೇ ನೆಲದ ಮೇಲೆ ಕೂತು, ಎಲ್ಲರಿಗಿಂತ ಮೊದಲು ಬಡಿಸಿಕೊಂಡು ಉಣ್ಣೋರು. ಒಂದು ಮಾತು ಆಡಲಿಲ್ಲ ಅವರು, ಬರೀ ಉಂಡರು. ತಿಂಗಳು ಕಳೆಯೋದ್ರಲ್ಲಿ ಡಬ್ಬಿ ಕಮ್ಮಿ ಆಯ್ತು. ಪೂರಾ ನಿಲ್ಲಲಿಲ್ಲ. ಕೆಲವರು ಮಕ್ಕಳನ್ನ ವ್ಯಾನು ಬರೋ ಇಂಗ್ಲಿಷ್ ಸ್ಕೂಲಿಗೆ ಹಾಕಿದ್ರು. ಫೀಸಿಗೆ ಸಾಲ ಮಾಡಿದೋರೂ ಇದ್ದಾರೆ ಅದ್ರಲ್ಲಿ, ಒಂದು ಸೌಟು ಸಾಂಬಾರಿಗೆ ಹೆದರಿ ಸಾಲ.

ಇಂಥ ಕೆಲಸಕ್ಕೆ ಕೊಡೋದು ಸಂಬಳ ಅಲ್ಲ, "ಗೌರವಧನ". 2009ರಲ್ಲಿ ಕೇಂದ್ರ ಗೊತ್ತು ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ 10 ತಿಂಗಳು. ರಾಜ್ಯ ತನ್ನ ಪಾಲು ಸೇರಿಸುತ್ತೆ, ಆದ್ರೂ ಕನಿಷ್ಠ ಕೂಲಿಗೆ ಹತ್ತಿರ ಬಂದಿಲ್ಲ. ಫ್ರೀಡಂ ಪಾರ್ಕಿನಲ್ಲಿ ಬಿಸಿಯೂಟದ ಅಕ್ಕಂದಿರು ಚಾಪೆ ಹಾಸಿಕೊಂಡು ಕೂರೋದು ಇದಕ್ಕೇ. ಅಲ್ಲಿ ಹೋದಾಗ ಒಂದು ಗಮನಿಸಿ, ಸಾವಿರಾರು ಜನ ಅಡುಗೆಯೋರು ಕೂತಿರ್ತಾರೆ, ಅವರಿಗೆ ಅಡುಗೆ ಮಾಡಿ ಬಡಿಸೋರು ಯಾರೂ ಇರಲ್ಲ. ಬಾಳೆಹಣ್ಣು, ಬನ್ನು.

ಮೊಟ್ಟೆ ವಿಷಯ ನೆನಪಿದೆಯಲ್ಲ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗೆ ಬರ್ತೀವಿ ಅಂದರು. ಗಂಗಾವತಿ ಕಡೆಯ ಒಬ್ಬ ಹುಡುಗಿ ಕ್ಯಾಮೆರಾ ಮುಂದೆ ನಿಂತು, ಶಾಲೇಲಿ ಮೊಟ್ಟೆ ಕೊಡದಿದ್ರೆ ಮಠಕ್ಕೇ ಬಂದು ಕೂತು ತಿಂತೀವಿ ಅನ್ನೋ ಅರ್ಥದಲ್ಲಿ ಮಾತಾಡಿದಳು. ನಾನು ಆ ವಿಡಿಯೋನ ಅವ್ವನಿಗೆ ತೋರಿಸಿದೆ. ನಾಲ್ಕು ಸಲ ನೋಡಿದಳು.

ಅಕ್ಕನ ಮಗಳ ವಿಷಯಕ್ಕೆ ಬರ್ತೀನಿ. ಬೆಂಗಳೂರಿನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ. ಇಬ್ಬರು ಗೆಳತೀರ ಜೊತೆ ಒಂದು ಬಾಡಿಗೆ ಮನೆ ಹಿಡಿದಿದ್ದಳು. ಬಾಡಿಗೆಗೆ ಮುಂಚೆ ಕೇಳಿದ್ದು "ವೆಜ್ಜಾ?" ಅಂತ. ಇದು ಜಾತಿ ಕೇಳೋ ಮರ್ಯಾದಸ್ತ ಭಾಷೆ ಅಂತ ನಿಮಗೆಲ್ಲ ಗೊತ್ತು. ಆರು ತಿಂಗಳು ಮೊಟ್ಟೆ ಸಿಪ್ಪೇನೂ ಪೇಪರಿನಲ್ಲಿ ಸುತ್ತಿ ಆಫೀಸಿನ ಕಸದ ಬುಟ್ಟಿಗೆ ಹಾಕ್ತಿದ್ದಳಂತೆ. ಒಂದು ಭಾನುವಾರ ಮಳೆ, ಊರಿನ ನೆನಪು, ಅವ್ವ ಕಟ್ಟಿಕೊಟ್ಟಿದ್ದ ಒಣಸೀಗಡಿ ಹುರಿದಳು. ಒಣಸೀಗಡಿ ಗುಟ್ಟು ಇಟ್ಟುಕೊಳ್ಳೋ ಪದಾರ್ಥ ಅಲ್ಲವಲ್ಲ. ತಿಂಗಳ ಕೊನೆಗೆ ಮನೆ ಖಾಲಿ. ಓನರು ಜಾತಿ ಹೆಸರು ಎತ್ತಲೇ ಇಲ್ಲ, "ವಾಸನೆ" ಅಂದರು. ಈಗ ಬೇರೆ ಕಡೆ ಮನೆ ಹಿಡಿದಿದ್ದಾಳೆ, ಬಾಡಿಗೆ ಜಾಸ್ತಿ, ಬಸ್ಸು ಎರಡು ಬದಲಿಸಬೇಕು, ಆದ್ರೆ ಕಿಟಕಿ ತೆಗೆದು ಅಡುಗೆ ಮಾಡ್ತಾಳೆ.

ಸಂಕ್ರಾಂತಿಗೆ ಊರಿಗೆ ಬಂದಾಗ "ಮಾವ, ಇವತ್ತು ಅಡುಗೆ ನಂದು" ಅಂದಳು. ಎಂಚಿಲಾಡ ಮಾಡ್ತೀನಿ ಅಂತ. ಮೆಕ್ಸಿಕೋದ ಅಡುಗೆ, ಫೋನಿನಲ್ಲಿ ನೋಡಿ ಕಲಿತದ್ದು. ಹೆಸರು ಕೇಳಿ ಅವ್ವ, "ಎಂಚಿ? ಹೆಂಚಾ?" ಅಂದಳು. ಹೆಂಚೂ ಬೇಕಿತ್ತು ಅದಕ್ಕೆ. ಮುಸುಕಿನ ಜೋಳದ ಹಿಟ್ಟು ಬಿಸಿನೀರಲ್ಲಿ ಕಲಸಿ ತೆಳ್ಳಗೆ ರೊಟ್ಟಿ ತಟ್ಟಿದ್ದು ಅವ್ವಾನೇ, ಹುಡುಗಿ ಕೈಯಲ್ಲಿ ಅಂಚು ಹರೀತಿತ್ತು. ಒಳಗಿನ ಹೂರಣಕ್ಕೆ ಮೆಕ್ಸಿಕೋದೋರು ಕಾಳು, ಮಾಂಸ ಇಡ್ತಾರಂತೆ. ನಮ್ಮ ಮನೇಲಿ ಅವರೆಕಾಯಿ ಕಾಲ, ಹಿತಕಿದ ಬೇಳೆ ಇತ್ತು. ಹಿಂದಿನ ದಿನದ ಕೋಳಿ ಬಾಡನ್ನ ಮೂಳೆ ಬಿಡಿಸಿ ಅದಕ್ಕೆ ಸೇರಿಸಿದಳು. ಒಣಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿ, ಸುಟ್ಟ ಟೊಮೊಟೊ, ಬೆಳ್ಳುಳ್ಳಿ, ಜೀರಿಗೆ ಹಾಕಿ ರುಬ್ಬಿ, ಎಣ್ಣೇಲಿ ಕುದಿಸಿ ಕೆಂಪಗೆ ಸಾರು. ರೊಟ್ಟಿನ ಆ ಸಾರಿನಲ್ಲಿ ಎರಡೂ ಕಡೆ ಅದ್ದಿ, ಹೂರಣ ಇಟ್ಟು ಸುರುಳಿ ಸುತ್ತಿ, ಅಗಲ ಪಾತ್ರೇಲಿ ಒಂದರ ಪಕ್ಕ ಒಂದು ಜೋಡಿಸಿ, ಮಿಕ್ಕ ಸಾರು ಮೇಲೆ ಸುರಿದು, ಬೆಂಗಳೂರಿಂದ ತಂದಿದ್ದ ಚೀಸು ತುರಿದು ಹಾಕಿದಳು. ಅವನ್ನು ಅಂದ್ರೆ ಓವನ್ನು ನಮ್ಮಲ್ಲಿಲ್ಲ. ಪಾತ್ರೆಗೆ ತಟ್ಟೆ ಮುಚ್ಚಿ, ಕೆಳಗೆ ಸಣ್ಣ ಉರಿ, ತಟ್ಟೆ ಮೇಲೆ ಕೆಂಡ. ಹದಿನೈದು ನಿಮಿಷ.

ಚೆನ್ನಾಗಿತ್ತು ಕಣ್ರೀ. ಹೊಟ್ಟೆ ತುಂಬ, ಮನಸು ತುಂಬ ಇತ್ತು. ಅವ್ವ ಎರಡು ತಿಂದು, ಕೈ ನೆಕ್ಕಿ, "ರೊಟ್ಟೀನ ಸಾರಲ್ಲಿ ನೆನೆಹಾಕವ್ಳೆ, ಅಷ್ಟೇಯ. ಆದ್ರೆ ರುಚಿಯಾಗದೆ ಕಣವ್ವ. ಆ ಬೆಣ್ಣೆಯಂಗಿರೋದು ಬ್ಯಾಡಿತ್ತು" ಅಂದಳು. ಚೀಸಿಗೆ ಅವಳ ಅಂಕ ಅಷ್ಟು.

ಆಮೇಲೆ ನಾನು ಹುಡುಕಿ ಓದಿದೆ. ಎಂಚಿಲಾಡ ಅಂದ್ರೆ ಅವರ ಭಾಷೇಲಿ ಮೆಣಸಿನಕಾಯಿ ಸವರಿದ್ದು ಅಂತಲೇ ಅರ್ಥ. ನಮ್ಮ ಖಾರದ ಮೆಣಸಿನಕಾಯಿ, ಟೊಮೊಟೊ, ಮುಸುಕಿನ ಜೋಳ, ಕಡ್ಲೆಕಾಯಿ ಎಲ್ಲಾ ಅಮೆರಿಕ ಖಂಡದಿಂದ ಬಂದದ್ದು, ಪೋರ್ಚುಗೀಸರ ಹಡಗು ಬರೋಕೆ ಮುಂಚೆ ನಮ್ಮಲ್ಲಿ ಖಾರ ಅಂದ್ರೆ ಕಾಳುಮೆಣಸು. ಅಲ್ಲಿನ ಮೂಲನಿವಾಸಿ ಹೆಂಗಸರು ಜೋಳನ ಸುಣ್ಣದ ನೀರಲ್ಲಿ ಬೇಯಿಸಿ, ಸಿಪ್ಪೆ ಉಜ್ಜಿ ಆಮೇಲೆ ಅರೀತಾರೆ. ಹಾಗೆ ಮಾಡಿದ್ರೇ ಜೋಳದೊಳಗಿನ ಒಂದು ವಿಟಮಿನ್ನು ಮೈಗೆ ಹತ್ತೋದು. ಯುರೋಪಿನೋರು ಜೋಳ ತಗೊಂಡು ಹೋದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಬರೀ ಜೋಳ ತಿಂದ ಅಲ್ಲಿನ ಬಡವರಿಗೆ ಪೆಲಾಗ್ರ ಅಂತ ಚರ್ಮ ಸುಲಿಯೋ ಕಾಯಿಲೆ ಬಂತು. ಕಾಳು ಕದ್ದೋರು ಅಜ್ಜೀನ ಕೇಳಲಿಲ್ಲ ನೋಡಿ. 2010ರಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಕೇರಿ ಅಡುಗೆ ಯಾವ ಪಟ್ಟೀಲಿದೆ? ಪೊಲೀಸು ಸ್ಟೇಷನ್ನಿನ ಪಟ್ಟೀಲಿದೆ.

ಸಂಕ್ರಾಂತಿ ಹೊತ್ತಿಗೇ ನಮ್ಮ ಅಯ್ಯನಗುಡಿ ದನಗಳ ಜಾತ್ರೆ. ಕೆಂಗಲ್ ಆಂಜನೇಯನ ಗುಡಿ ಸುತ್ತ ಹಳ್ಳಿಕಾರ್ ಜೋಡಿಗಳು ಸಾಲಾಗಿ ನಿಂತಿರ್ತವೆ, ಕೊಂಬಿಗೆ ಬಣ್ಣ, ಲಕ್ಷ ದಾಟಿದ ಬೆಲೆ. ನೋಡೋಕೆ ಚೆಂದ. ಅದೇ ಎತ್ತು ಹತ್ತು ಹದಿನೈದು ವರ್ಷ ದುಡಿದು ಮುದಿಯಾದ ಮೇಲೆ ಏನಾಗುತ್ತೆ ಅಂತ ಜಾತ್ರೇಲಿ ಯಾರೂ ಮಾತಾಡಲ್ಲ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಕ್ಕೆ ದಾರಿ ಇತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ 13 ವರ್ಷ ಮೇಲ್ಪಟ್ಟ ಎಮ್ಮೆ ಕೋಣ ಬಿಟ್ಟು ಮಿಕ್ಕೆಲ್ಲದಕ್ಕೂ ಬಾಗಿಲು ಹಾಕಿತು. ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. ರೈತ ಕೆಟ್ಟ, ಸಾಬರ ಕಸುಬು ಕೆಟ್ಟಿತು, ನಮ್ಮ ತಟ್ಟೆ ಬರಿದಾಯ್ತು. ಬಡವರ ಬಾಡು ಅದೇ ಆಗಿತ್ತು. ಕುರಿ ಬೆಲೆ ಈಗ ಕೇಳೋ ಹಾಗಿದೆಯಾ?

ಅಜ್ಜಿ ಕಾಲದ ಕೊರಬಾಡು ನೆನಪಾಗುತ್ತೆ. ಬಾಡನ್ನ ಉದ್ದುದ್ದ ಎಳೆಯಾಗಿ ಸೀಳಿ, ಉಪ್ಪು ಅರಿಶಿನ ಸವರಿ, ಹಗ್ಗದ ಮೇಲೆ ಬಿಸಿಲಿಗೆ ಒಣಗಿಸಿ, ಮಳೆಗಾಲಕ್ಕೆ ಕುಡಿಕೇಲಿ ತುಂಬಿಡೋದು. ಕೂಲಿ ಇಲ್ಲದ ದಿನ ನಾಲ್ಕು ತುಂಡು ಕೆಂಡದ ಮೇಲೆ ಸುಟ್ಟು, ಕುಟ್ಟಿ, ಹುರುಳಿಕಟ್ಟಿಗೆ ಹಾಕಿದ್ರೆ ಮನೆಯೆಲ್ಲ ಘಮ್. ಮರಾಠವಾಡದ ಶಾಹು ಪಾಟೋಳೆ ಅನ್ನೋರು ಮಹಾರ್, ಮಾಂಗ್ ಮನೆಗಳ ಅಡುಗೆ ಬಗ್ಗೆ 2015ರಲ್ಲಿ ಮರಾಠೀಲಿ ಒಂದು ಪುಸ್ತಕ ಬರೆದರು, ಈಗ ಇಂಗ್ಲಿಷಿಗೂ ಬಂದಿದೆ. ಅಲ್ಲೂ ಇದೇ ಒಣಬಾಡು, ಹೆಸರು ಚಾನಿ. ಕೊರಬಾಡು, ಚಾನಿ, ಹೆಸರು ಬೇರೆ, ಬಿಸಿಲು ಒಂದೇ. ಕನ್ನಡದಲ್ಲಿ ಅಂಥ ಪುಸ್ತಕ ಯಾರಾದ್ರೂ ಮಾಡಬೇಕು. ನಮ್ಮ ಸಾಹಿತ್ಯದಲ್ಲಿ ಹಸಿವು ಬಂದಿದೆ. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಯೋರೆಲ್ಲ ಸುತ್ತ ಕೂತು ಕಡ್ಲೆಕಾಯಿ ತಿನ್ನೋದನ್ನ ಓದಿದೋರು ಯಾರು ಮರೆತಾರು? ಅಡುಗೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಸಭೇಲಿ ಒಬ್ಬ ಹುಡುಗ, ಓದಿದೋನು, ಎದ್ದು ಒಂದು ಪ್ರಶ್ನೆ ಕೇಳಿದ: "ಬಾಬಾಸಾಹೇಬರೇ ಮಾಂಸ ಬಿಡಿ ಅಂದಿದ್ರಲ್ಲಣ್ಣ?" ಒಳ್ಳೇ ಪ್ರಶ್ನೆ. ಉತ್ತರ ಸರಿಯಾಗಿ ಹೇಳ್ಬೇಕು. 1927ರ ಮಾರ್ಚಿನಲ್ಲಿ ಮಹಾಡ್‌ನಲ್ಲಿ ಅವರು ಬಿಡಿ ಅಂದದ್ದು ಸತ್ತ ದನದ ಮಾಂಸ, ಊರೋರು ಎಸೆಯೋ ಎಂಜಲು. ಅಂದ್ರೆ ಬಿಡಬೇಕಾಗಿದ್ದು ಕೈ ಚಾಚಿ ಈಸಿಕೊಳ್ಳೋ ಸ್ಥಿತೀನ. ಇಪ್ಪತ್ತೊಂದು ವರ್ಷ ಆದ ಮೇಲೆ, 1948ರಲ್ಲಿ, ಅಸ್ಪೃಶ್ಯರ ಬಗ್ಗೆ ಬರೆದ ಪುಸ್ತಕದಲ್ಲಿ, ಒಂದು ಕಾಲಕ್ಕೆ ಎಲ್ಲರೂ ತಿಂತಿದ್ದ ಗೋಮಾಂಸ ಹೇಗೆ ಕೆಲವರನ್ನ ಮಾತ್ರ ಮುಟ್ಟಬಾರದೋರನ್ನಾಗಿ ಮಾಡ್ತು ಅಂತ ಅವರೇ ವಾದ ಕಟ್ಟಿದ್ದಾರೆ. ತಟ್ಟೇಲಿರೋ ಪದಾರ್ಥಕ್ಕೆ ಪಾಪ ಅಂಟಿಸಿದೋರು ಯಾರು ಅಂತ ಹುಡುಕಿದೋರು ಅವರು. ನಮ್ಮ ಕೇರಿ ಹಿರೀಕರು ಸತ್ತ ದನ ಹೊರೋದನ್ನ ಬಿಟ್ಟರು, ಅದಕ್ಕಾಗಿ ಊರಿನ ಬಾವಿ, ಕೂಲಿ ಎರಡನ್ನೂ ಕೆಲ ಕಾಲ ಕಳ್ಕೊಂಡರು. ಆ ಬಿಡೋದು ಒಂದು ಹೋರಾಟ. ಪಲಾವು ಕಾಂಟ್ರಾಕ್ಟು ಅದರ ಮುಂದುವರಿಕೆ ಅಲ್ಲ.

ಮಂಡ್ಯದ್ದು ಮರೆತಿಲ್ಲ ಅಂದ್ಕೊಂಡಿದ್ದೀನಿ. 2024ರ ಡಿಸೆಂಬರಿನಲ್ಲಿ 87ನೇ ಸಾಹಿತ್ಯ ಸಮ್ಮೇಳನ. ತಂಬಾಕು, ಮದ್ಯದ ಸಾಲಿನಲ್ಲೇ ಮಾಂಸಾಹಾರಾನೂ ಸೇರಿಸಿ ನಿಷೇಧ ಅಂತ ಬರೆದರು. ಬಾಡೂಟದ ನೆಲದಲ್ಲಿ! ನಮ್ಮ ಗೆಳೆಯರು ಬಾಡೂಟ ಬೇಕು ಅಂತ ಹಠ ಹಿಡಿದು, ಮನೆಮನೆಯಿಂದ ಕೋಳಿ ಕೇಳಿ, ಕೊನೇ ದಿನ ಸಮ್ಮೇಳನದ ಊಟಕ್ಕೆ ಮೊಟ್ಟೆ ಬರೋ ಹಾಗೆ ಮಾಡಿದರು. ಅಲ್ಲಿ ಊರೋರು, ಕೇರಿಯೋರು ಒಟ್ಟಿಗೇ ನಿಂತು ಕೇಳಿದರು, ಅದು ನನಗೆ ಮೊಟ್ಟೆಗಿಂತ ದೊಡ್ಡದಾಗಿ ಕಾಣುತ್ತೆ. ಅಷ್ಟು ದೂರ ಹೋಗಿ ಬಾಡೂಟ ಕೇಳಿದೋರು ನಮ್ಮ ಜಯಂತಿಗೆ ಕೇಸರಿಬಾತು ಹಂಚಿದ್ರೆ ಹೆಂಗೆ?

ಹಾಗಂತ ಬಾಡು ತಿನ್ನದೋರನ್ನ ದೂರ ಇಡೋ ಮಾತಲ್ಲ. ನಮ್ಮ ಕೇರೀಲೇ ಬಾಡು ಬಿಟ್ಟ ಹಿರಿಯರಿದ್ದಾರೆ, ಬೌದ್ಧರಾದ ಕುಟುಂಬಗಳಿವೆ. ಬಸ್ಸಾರು ಇರೋದು ಎಲ್ಲರಿಗೂ. ಒಂದೇ ಪಂಕ್ತಿ, ಎರಡು ಸಾರು. ಬೇರೆ ಬೇರೆ ಸಾಲು ಬೇಡ.

ಇನ್ನೊಂದು ಮಾತು, ಇದು ಸಂಘಟನೆಯ ಗಂಡಸರಿಗೆ, ನನ್ನನ್ನೂ ಸೇರಿಸಿಕೊಂಡೇ. ಮೂವತ್ತು ವರ್ಷದ ಶಿಬಿರಗಳಲ್ಲಿ ನಾನು ಕಂಡದ್ದು: ಒಳಗೆ ಜಾತಿ ವಿನಾಶದ ಮೇಲೆ ಗೋಷ್ಠಿ, ಹೊರಗೆ ಷಾಮಿಯಾನದ ಹಿಂದೆ ಹೆಣ್ಣುಮಕ್ಕಳು ಈರುಳ್ಳಿ ಹೆಚ್ಚೋದು. ಗೋಷ್ಠಿ ಮುಗಿದು ನಾವು ಬಂದು ಕೂತಾಗ ಅವರು ಬಡಿಸೋರು. ಸ್ತ್ರೀ ವಿಮೋಚನೆಯ ಗೋಷ್ಠಿ ದಿನವೂ ಬಡಿಸಿದ್ದು ಅವರೇ. ನಾನು ಹಿಟ್ಟು ತೊಳಸೋದು ಕಲಿತದ್ದು ಇಂಥದೊಂದು ಶಿಬಿರದಲ್ಲಿ. ಅಡುಗೆ ಅಕ್ಕ ಒಬ್ಬರು ಕೋಲು ನನ್ನ ಕೈಗೆ ಕೊಟ್ಟು, "ತೊಳಸಪ್ಪ, ನಾನೂ ಒಂದಿನ ಭಾಷಣ ಕೇಳ್ತೀನಿ" ಅಂದು ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಅಂದಿನ ಹಿಟ್ಟಿನಲ್ಲಿ ಗಂಟಿತ್ತು, ಎಲ್ಲರೂ ಉಂಡರು.

ಮೊನ್ನೆ ರಾತ್ರಿ ನಾಲ್ಕನೇ ಸಭೆಗೆ ಅವ್ವನೂ ಬಂದು ಕೂತಳು. ಎಲ್ಲರ ಮಾತು ಮುಗಿದ ಮೇಲೆ, "ಮುನ್ನೂರು ಜನಕ್ಕೆ ಹಿಟ್ಟು ಮಾಡ್ದೋರು ಇಲ್ಲಿ ಯಾರವ್ರೆ? ನಾನವ್ನಿ. ಮಾಡಿಸ್ತೀನಿ. ನೀವು ಕೈ ಆಡಿಸ್ತೀರಾ?" ಅಂದಳು. ಪಲಾವಿನ ಹುಡುಗರಲ್ಲೇ ಆರು ಜನ ಕೈ ಎತ್ತಿದರು. ಇನ್ನಿಬ್ಬರು ಫೋನು ನೋಡ್ತಿದ್ದರು, ಅವರ ಹೆಸರೂ ಅವ್ವ ಬರೆಸಿದ್ದಾಳೆ. ಕೇಸರಿಬಾತು ಇರಲಿ ಅಂತ ಒಪ್ಪಂದ ಆಗಿದೆ. ಮಕ್ಕಳಿಗೆ ಸಿಹಿ ಬೇಕಲ್ಲ.

ಲೆಕ್ಕ ಇದು. ರಾಗಿ ಹಿಟ್ಟು 45 ಕೆ.ಜಿ., ತಲೆಗೆ ಒಂದೂವರೆ ಹಿಟ್ಟಿನಂತೆ. ಅಲಸಂದೆಕಾಳು 15 ಕೆ.ಜಿ. ಸೊಪ್ಪು 60 ಕಟ್ಟು, ದಂಟು ಮತ್ತು ಸಬ್ಬಸಿಗೆ, ಹಿಂದಿನ ಸಂಜೆಯೇ ಸೋಸಬೇಕು. ಕೋಳಿ 60 ಕೆ.ಜಿ. ಈರುಳ್ಳಿ 20, ಬೆಳ್ಳುಳ್ಳಿ 3, ಕಾಯಿ 40. ಹಂಡೆ ಎರಡು ಇದೆ, ಇನ್ನೊಂದು ಬೇಕು. ಯಾರ ಮನೇಲಾದ್ರೂ ದೊಡ್ಡ ಮುದ್ದೆಕೋಲು ಇದ್ರೆ ತನ್ನಿ. ಸೌದೆಗೆ ಹೇಳಿ ಆಗಿದೆ.

ಊರೋರಿಗೂ ಹೇಳಿ ಕಳಿಸ್ತೀವಿ, ಮನೆಮನೆಗೆ ಹೋಗಿ, ಏನು ಅಡುಗೆ ಅಂತ ಬಾಯಿಬಿಟ್ಟು ಹೇಳಿಯೇ. ಬೆಂಗಳೂರಿಂದ ಬರೋರು ಕೆಂಗಲ್‌ನಲ್ಲಿ ಇಳೀಬೇಕಾದ್ರೆ ಹಳೇ ರಸ್ತೇಲಿ ಬರೋ ಬಸ್ಸು ಹತ್ತಿ. ಎಕ್ಸ್‌ಪ್ರೆಸ್ ದಾರಿ ಬಸ್ಸು ಹತ್ತಿದ್ರೆ ನಮ್ಮನ್ನ ದಾಟಿ ಮುಂದೆ ಹೋಗಿಬಿಡ್ತೀರ. ಊಟ ಮಧ್ಯಾಹ್ನ ಒಂದಕ್ಕೆ. ಈರುಳ್ಳಿ ಹೆಚ್ಚೋ ಗಂಡಸರು ಬೆಳಿಗ್ಗೆ 6ಕ್ಕೆ ಬರಬೇಕು, ಚಾಕು ನಿಮ್ಮದೇ ತನ್ನಿ.